ಸ್ಪರ್ ಜಾರುತ್ತಿದ್ದುದಕ್ಕೆ ಕಾರಣ ಬೂಟಿನಲ್ಲಿತ್ತು

ದಕ್ಷಿಣ ಅರಿಜೋನಾದ ಕಲ್ಲುಗುಡ್ಡಗಳಲ್ಲಿ, ಮೆಸ್ಕೀಟ್ ಮುಳ್ಳುಪೊದೆಗಳ ನಡುವೆ ಕುದುರೆಯೇರಿ ದನಗಳನ್ನು ಅಟ್ಟಿ ತರುವ ಕೆಲಸಕ್ಕೆ ಸೇರಿದ ಹೊಸತರಲ್ಲಿ, ನನ್ನ ಎಡಗಾಲಿನ ಸ್ಪರ್ (ಕುದುರೆಗೆ ಸೂಚನೆ ಕೊಡಲು ಬೂಟಿನ ಹಿಂಬದಿಗೆ ಪಟ್ಟಿಯಿಂದ ಕಟ್ಟುವ, ಹಲ್ಲುಚಕ್ರವಿರುವ ಕಬ್ಬಿಣದ ಬಳೆ) ಪದೇ ಪದೇ ಕೆಳಗೆ ಜಾರುತ್ತಿತ್ತು. ಪಟ್ಟಿಯನ್ನು ಬಿಗಿದಷ್ಟೂ ಪಾದದ ಮೇಲ್ಭಾಗ ನೊಂದಿತೇ ಹೊರತು ಸ್ಪರ್ ನಿಲ್ಲಲಿಲ್ಲ.

ನಾನು ಧರಿಸಿದ್ದುದು ಒರಟು ರಬ್ಬರ್ ಅಟ್ಟೆಯ, ಗಿಡ್ಡ ಹಿಮ್ಮಡಿಯ, ನಡೆಯಲೆಂದೇ ಮಾಡಿದ ಬೂಟು. ಸವಾರಿಯ ಬೂಟಿನಲ್ಲಾದರೆ ಹಿಮ್ಮಡಿಯ ಮೇಲಂಚು ಹಿಂಬದಿಯ ಚರ್ಮಕ್ಕಿಂತ ತುಸು ಹೊರಚಾಚಿರುತ್ತದೆ; ಸ್ಪರ್ ಕೂರುವುದು ಆ ಅಂಚಿನ ಮೇಲೆಯೇ. ನನ್ನ ಬೂಟಿನಲ್ಲಿ ಅದು ಇರಲೇ ಇಲ್ಲ. ಇದಕ್ಕಿಂತ ದೊಡ್ಡ ಅಪಾಯ ಬೇರೆಯಿತ್ತು: ಗಿಡ್ಡ ಹಿಮ್ಮಡಿಯ ಬೂಟು ತೊಟ್ಟ ಪಾದ, ಜೀನಿನಿಂದ ತೂಗುವ ಕಾಲಿಡುವ ಬಳೆಯಾದ ರಿಕಾಪಿನೊಳಗೆ ಪೂರ್ತಿ ನುಗ್ಗಬಹುದು, ರಬ್ಬರ್ ಅಟ್ಟೆ ಅಲ್ಲೇ ಕಚ್ಚಿಕೊಳ್ಳಬಹುದು, ಆಗ ಬಿದ್ದವನನ್ನು ಕುದುರೆ ಕಲ್ಲುಗಳ ಮೇಲೆ ಎಳೆದೊಯ್ಯುತ್ತದೆ.

ಆದ್ದರಿಂದ ನುಣುಪಾದ ಚರ್ಮದ ಅಟ್ಟೆಯ, ಸುಮಾರು 2 ಅಂಗುಲ ಎತ್ತರದ ಹಿಮ್ಮಡಿಯ ಬೂಟುಗಳನ್ನು ಕೊಂಡೆ. ಸ್ಪರ್‌ನ ಕಬ್ಬಿಣದ ಬಳೆ ಅದಕ್ಕೆ ಸಡಿಲವಾಗಿದ್ದುದರಿಂದ, ಅದನ್ನು ವೈಸ್‌ಗೆ (ತಿರುಪು ತಿರುಗಿಸಿ ಬಿಗಿಯುವ ಹಿಡಿಕೆಗೆ) ಸಿಕ್ಕಿಸಿ ಸ್ವಲ್ಪ ಸ್ವಲ್ಪವೇ ಒತ್ತುತ್ತ, ಪ್ರತಿ ಸಲವೂ ಬೂಟಿಗೆ ತೊಡಿಸಿ ನೋಡುತ್ತ ಸರಿಪಡಿಸಿದೆ. ಉಳಿದ ಸಂದಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡೊಂದು ಸಾಕಾಯಿತು. ಪಟ್ಟಿಯ ಬಕಲ್ ಪಾದದ ಹೊರಬದಿಗೆ ಬರುವಂತೆ ಕಟ್ಟಿದೆ. ಚಕ್ರದ ಚೂಪು ಹಲ್ಲುಗಳನ್ನೂ ಅರದಿಂದ ಉಜ್ಜಿ ಮೊಂಡಾಗಿಸಿದೆ, ಏಕೆಂದರೆ ಸ್ಪರ್ ಇರುವುದು ಸೂಚನೆಗೇ ಹೊರತು ಗಾಯಕ್ಕಲ್ಲ.

ಈಗ ಸಂಜೆ ಜೀನು ಇಳಿಸುವವರೆಗೂ ಸ್ಪರ್ ಕಟ್ಟಿದಲ್ಲೇ ಇರುತ್ತದೆ.