ತೀವ್ರ ಮನೋರೋಗದ ನಿರ್ಣಯಕ್ಕೆ ನಡೆಸುವ ಸಂದರ್ಶನ: ವಿಶ್ವಾಸಾರ್ಹತೆಯನ್ನು ಪರೀಕ್ಷಿಸುವ ಕ್ರಮ

ಒಬ್ಬ ರೋಗಿಯನ್ನು ಇಬ್ಬರು ಮನೋವೈದ್ಯರು ಬೇರೆ ಬೇರೆಯಾಗಿ ಮಾತನಾಡಿಸಿ, ಒಬ್ಬರು ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ತಪ್ಪು ನಂಬಿಕೆಗಳು ಬೇರೂರುವ ಕಾಯಿಲೆ) ಎಂದೂ ಇನ್ನೊಬ್ಬರು ಬೈಪೋಲಾರ್ ಕಾಯಿಲೆ (ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ತೂಗುವ ಕಾಯಿಲೆ) ಎಂದೂ ಬರೆದರೆ, ರೋಗಿ ನುಂಗುವ ಮಾತ್ರೆಯಿಂದ ಹಿಡಿದು ಮನೆಯವರಿಗೆ ಹೇಳುವ ಮಾತಿನವರೆಗೆ ಎಲ್ಲವೂ ಬದಲಾಗುತ್ತದೆ. ಈ ಕಾಯಿಲೆಗಳನ್ನು ಖಚಿತಪಡಿಸುವ ರಕ್ತಪರೀಕ್ಷೆ ಇಲ್ಲದಿರುವುದರಿಂದ ಸಂದರ್ಶನವೇ ಇಲ್ಲಿ ಅಳತೆಗೋಲು. ಅದು ಯಾರ ಕೈಗೆ ಹೋದರೂ ಒಂದೇ ಅಳತೆಯನ್ನು ತೋರಿಸುತ್ತದೆಯೇ ಎಂಬುದು ವಿಶ್ವಾಸಾರ್ಹತೆಯ ಪ್ರಶ್ನೆ. ಕನ್ನಡದಲ್ಲಿ ಇಂಥ ಸಂದರ್ಶನ ನಡೆಸಲು ಹೊರಟಿರುವ ಸ್ನಾತಕೋತ್ತರ ವಿದ್ಯಾರ್ಥಿಗಳು, ಮನಶ್ಶಾಸ್ತ್ರಜ್ಞರು ಮತ್ತು ಸಮಾಜ ಕಾರ್ಯಕರ್ತರು ಆ ಪರೀಕ್ಷೆಯನ್ನು ಹೇಗೆ ಮಾಡಬೇಕೆಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಭಿನ್ನಾಭಿಪ್ರಾಯ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಮೊದಲು ತಿಳಿದಿರಬೇಕು. 1962ರಲ್ಲಿ ಮನೋವೈದ್ಯ ಏರನ್ ಬೆಕ್ ಅವರಿದ್ದ ಅಮೆರಿಕದ ತಂಡವೊಂದು ವೈದ್ಯರು ಒಪ್ಪದೆ ಹೋದ ಪ್ರಕರಣಗಳ ಕಾರಣಗಳನ್ನು ಹುಡುಕಿದಾಗ, ರೋಗಿ ಒಬ್ಬೊಬ್ಬರಿಗೆ ಒಂದೊಂದು ಹೇಳಿದ್ದು ಕಾರಣವಾಗಿದ್ದುದು ಶೇ. 5ರಷ್ಟು ಮಾತ್ರ; ಶೇ. 32.5ರಷ್ಟು ವೈದ್ಯರಿಂದಲೂ ಶೇ. 62.5ರಷ್ಟು ರೋಗಗಳ ವರ್ಗೀಕರಣ ಅಸ್ಪಷ್ಟವಾಗಿದ್ದುದರಿಂದಲೂ ಬಂದಿತ್ತು. ಅದೇ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಆಸ್ಪತ್ರೆಗಳು ಲಂಡನ್ನಿನ ಆಸ್ಪತ್ರೆಗಳಿಗಿಂತ ಬಹಳ ಹೆಚ್ಚು ಜನರನ್ನು ಸ್ಕಿಜೋಫ್ರೇನಿಯಾ ರೋಗಿಗಳೆಂದು ಗುರುತಿಸುತ್ತಿದ್ದವು. ಸಂಶೋಧಕರ ತಂಡ ಎರಡೂ ಊರುಗಳಲ್ಲಿ ಒಂದೇ ಬಗೆಯ ಸಂದರ್ಶನವನ್ನು ನಡೆಸಿದಾಗ ಆ ಅಂತರದ ಬಹುಪಾಲು ಇಲ್ಲವಾಯಿತು. ಹಾಗಾಗಿ ‘ನಮ್ಮ ರೋಗಿಗಳು ಸರಿಯಾಗಿ ಹೇಳುವುದಿಲ್ಲ’ ಎಂದು ಕೆಲಸ ಆರಂಭಿಸುವವರು ತಪ್ಪು ಜಾಗದಲ್ಲಿ ಹುಡುಕುತ್ತಿರುತ್ತಾರೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಆದ್ದರಿಂದ ಪ್ರಶ್ನಾವಳಿಯನ್ನು ಆರಿಸುವುದಕ್ಕೆ ಮುಂಚೆ ಮಾನದಂಡವನ್ನು ಆರಿಸಿಕೊಳ್ಳಿ. ಅಮೆರಿಕದ ಮನೋವೈದ್ಯರ ಸಂಘದ ರೋಗ ವರ್ಗೀಕರಣವಾದ ಡಿಎಸ್‌ಎಂ-5ರ ಪ್ರಕಾರ ಸ್ಕಿಜೋಫ್ರೇನಿಯಾ ಎನ್ನಲು ಕಾಯಿಲೆಯ ಚಿಹ್ನೆಗಳು ಒಟ್ಟು ಆರು ತಿಂಗಳಾದರೂ ಇರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣವಾದ ಐಸಿಡಿ-11ಕ್ಕೆ ಒಂದು ತಿಂಗಳು ಸಾಕು. ಮೂರು ತಿಂಗಳಿನಿಂದ ನರಳುತ್ತಿರುವ ಯುವಕನ ಬಗ್ಗೆ ಇಬ್ಬರು ಸಂದರ್ಶಕರು ಎಲ್ಲ ಲಕ್ಷಣಗಳನ್ನೂ ಒಂದೇ ರೀತಿ ಗುರುತಿಸಿಯೂ ಬೇರೆ ಬೇರೆ ಹೆಸರು ಬರೆಯಲು ಇಷ್ಟೇ ಸಾಕು. ಭಾರತದ 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆ ನಿರ್ಣಯದ ವಿಷಯದಲ್ಲಿ ಐಸಿಡಿಯನ್ನು ಹೆಸರಿಸಿರುವುದರಿಂದ, ಬೇರೆ ಕಾರಣವಿಲ್ಲದಿದ್ದರೆ ಅದನ್ನೇ ಇಟ್ಟುಕೊಳ್ಳುವುದು ಲೇಸು. ಪ್ರಶ್ನಾವಳಿಯ ಆಯ್ಕೆ ನಿಮ್ಮ ಸಿಬ್ಬಂದಿಯನ್ನು ಅವಲಂಬಿಸಿದೆ: ಸಿಐಡಿಐ, ಎಸ್‌ಸಿಐಡಿ, ಎಂಐಎನ್‌ಐ ಎಂಬ ಮೂರು ಸಿದ್ಧ ಪ್ರಶ್ನಾವಳಿಗಳಲ್ಲಿ ಸಿಐಡಿಐಯನ್ನು ತರಬೇತಿ ಪಡೆದ ಸಾಮಾನ್ಯರೂ ಇದ್ದುದನ್ನು ಇದ್ದಂತೆ ಓದಿ ನಡೆಸಬಹುದು, ಎಸ್‌ಸಿಐಡಿಗೆ ಕೆದಕಿ ಕೇಳಬಲ್ಲ ತಜ್ಞರು ಬೇಕು, ಎಂಐಎನ್‌ಐ ಚಿಕ್ಕದು, ಬೇಗ ಮುಗಿಯುತ್ತದೆ. ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಎಂಐಎನ್‌ಐಯನ್ನೇ ಬಳಸಿತು. ಅದರ ಪ್ರಾಯೋಗಿಕ ಹಂತ ಕೋಲಾರ ಜಿಲ್ಲೆಯಲ್ಲಿ ನಡೆದಿತ್ತು.

ಮುಂದಿನ ತೀರ್ಮಾನ ಎಲ್ಲಕ್ಕಿಂತ ಮುಖ್ಯವಾದುದು. ಪ್ರಬಂಧಗಳಲ್ಲಿ ಹೆಚ್ಚಾಗಿ ಮರೆಯಾಗುವುದೂ ಅದೇ. ಒಬ್ಬರು ಸಂದರ್ಶನ ನಡೆಸುವಾಗ ಇನ್ನೊಬ್ಬರು ಪಕ್ಕದಲ್ಲಿ ಕುಳಿತು ಕೇಳಿ ಇಬ್ಬರೂ ಪ್ರತ್ಯೇಕವಾಗಿ ನಿರ್ಣಯ ಬರೆಯುವುದು ಒಂದು ವಿಧಾನ. ಇಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ ಅದೇ ರೋಗಿಯನ್ನು ಹೊಸದಾಗಿ ಮಾತನಾಡಿಸುವುದು ಇನ್ನೊಂದು. ಮೊದಲನೆಯದರಲ್ಲಿ ಇಬ್ಬರ ಕಿವಿಗೂ ಬಿದ್ದದ್ದು ಒಂದೇ ಮಾತು, ಆದ್ದರಿಂದ ಒಮ್ಮತ ಸುಲಭ. ಎರಡನೆಯದರಲ್ಲಿ ಕೇಳುವ ಕೌಶಲ, ರೋಗಿಯ ಅಂದಿನ ಸ್ಥಿತಿ ಎರಡೂ ಪರೀಕ್ಷೆಗೆ ಒಳಗಾಗುತ್ತವೆ. 2013ರಲ್ಲಿ ಪ್ರಕಟವಾದ ಡಿಎಸ್‌ಎಂ-5 ಕ್ಷೇತ್ರ ಪರೀಕ್ಷೆಗಳಲ್ಲಿ ಎರಡನೆಯ ವಿಧಾನದಿಂದ ಸ್ಕಿಜೋಫ್ರೇನಿಯಾಕ್ಕೆ ದೊರೆತ ಕಪ್ಪಾ ಮೌಲ್ಯ (ಒಮ್ಮತದ ಅಳತೆ; ಪೂರ್ಣ ಒಮ್ಮತವಿದ್ದರೆ 1, ಲೆಕ್ಕ ಮುಂದೆ ಇದೆ) 0.46, ಖಿನ್ನತೆಗೆ 0.28. ಜೊತೆಯಾಗಿ ಕುಳಿತು ನಡೆಸಿದ ಐಸಿಡಿ-11ರ ಕ್ಷೇತ್ರ ಅಧ್ಯಯನದಲ್ಲಿ ಸ್ಕಿಜೋಫ್ರೇನಿಯಾದ ಮೌಲ್ಯ 0.8ನ್ನು ದಾಟಿತು. ಇವೆರಡನ್ನು ಎದುರುಬದುರು ಇಟ್ಟು ಒಂದು ಮಾನದಂಡ ಮೇಲು, ಇನ್ನೊಂದು ಕೀಳು ಎನ್ನುವುದು ಅನ್ಯಾಯ. ನಿಮ್ಮ ವರದಿಯಲ್ಲಿ ಅಂಕಿಯ ಪಕ್ಕದಲ್ಲೇ ವಿಧಾನವನ್ನೂ ಬರೆಯಿರಿ. ಸಾಧ್ಯವಿದ್ದರೆ ತರಬೇತಿಯ ಹಂತದಲ್ಲಿ ಮೊದಲನೆಯದನ್ನೂ ನಿಜವಾದ ಪರೀಕ್ಷೆಗೆ ಎರಡನೆಯದನ್ನೂ ಬಳಸಿ.

ಎರಡನೆಯ ಸಂದರ್ಶನಕ್ಕೆ ಕೆಲವು ದಿನಗಳ ಅಂತರ ಸಾಕು. ತಡವಾದರೆ ಔಷಧಿ ಕೆಲಸ ಮಾಡಿ ಸ್ಥಿತಿಯೇ ಬದಲಾಗಿರುತ್ತದೆ. ಎರಡನೆಯ ಸಲ ಜನ ಕಡಿಮೆ ಲಕ್ಷಣಗಳನ್ನು ಹೇಳುತ್ತಾರೆ ಎಂಬುದು ಚೆನ್ನಾಗಿ ಗೊತ್ತಿರುವ ಸಂಗತಿ. ‘ಮೊನ್ನೆ ಆ ಮೇಡಂಗೆ ಎಲ್ಲ ಹೇಳಿದೆನಲ್ಲ’ ಎಂದು ಬೇಸತ್ತ ರೋಗಿ ಎಲ್ಲದಕ್ಕೂ ‘ಇಲ್ಲ’ ಎನ್ನಬಹುದು. ಆದ್ದರಿಂದ ಯಾರು ಮೊದಲು, ಯಾರು ನಂತರ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ, ಮತ್ತೊಮ್ಮೆ ಕೇಳುವ ಕಾರಣವನ್ನು ರೋಗಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಿರಿ. ಎರಡನೆಯವರ ಕೈಗೆ ಮೊದಲ ನಿರ್ಣಯವಾಗಲಿ ಔಷಧಿಯ ಚೀಟಿಯಾಗಲಿ ಸಿಗಬಾರದು. ಚೀಟಿಯಲ್ಲಿ ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಎಂದಿದ್ದರೆ ಅರ್ಧ ನಿರ್ಣಯವನ್ನು ಆಗಲೇ ಓದಿದಂತೆ.

ಇನ್ನು ಭಾಷೆ. ಪ್ರಶ್ನೆಯನ್ನು ಕನ್ನಡಕ್ಕೆ ತಂದು, ಮೂಲವನ್ನು ನೋಡದವರಿಂದ ಹಿಂದಕ್ಕೆ ಅನುವಾದ ಮಾಡಿಸುವುದು ಎಲ್ಲರೂ ಅನುಸರಿಸುವ ಕ್ರಮ, ಅದು ಬೇಕು. ಆದರೆ ಅದಕ್ಕೆ ಸಿಕ್ಕಿಬೀಳದ ತೊಡಕುಗಳಿವೆ. ‘ಬೇಜಾರು’ ಎಂಬ ಪದವನ್ನೇ ತೆಗೆದುಕೊಳ್ಳಿ: ದುಃಖಕ್ಕೂ ಬೇಜಾರು, ಹೊತ್ತು ಹೋಗದಿದ್ದರೂ ಬೇಜಾರು, ಯಾರೋ ಅಂದ ಮಾತಿಗೂ ಬೇಜಾರು. ‘ನಿಮಗೆ ಬೇಜಾರಾಗುತ್ತಿತ್ತೇ?’ ಎಂದಷ್ಟೇ ಕೇಳಿದ ಸಂದರ್ಶಕರು ಪಡೆಯುವ ‘ಹೌದು’ ಯಾವುದಕ್ಕೆಂದು ಯಾರಿಗೂ ತಿಳಿಯದು. ‘ಭ್ರಮೆ’ ಇನ್ನೂ ಕಷ್ಟದ ಪದ. ಇಲ್ಲದ ದನಿ ಕೇಳಿಸುವುದಕ್ಕೂ ತಪ್ಪಾದ ದೃಢ ನಂಬಿಕೆಗೂ ಕನ್ನಡ ಬರಹಗಳಲ್ಲಿ ಅದೇ ಪದ ಬರುತ್ತದೆ. ಪ್ರಶ್ನೆಯಲ್ಲಿ ಅದನ್ನು ಬಳಸದೆ, ‘ಹತ್ತಿರ ಯಾರೂ ಇಲ್ಲದಿದ್ದಾಗ ಯಾರೋ ಮಾತಾಡಿದ ಹಾಗೆ ಕಿವಿಗೆ ಕೇಳಿಸಿದ್ದುಂಟೇ? ಈಗ ನಾನು ಮಾತಾಡುತ್ತಿರುವಷ್ಟು ಸ್ಪಷ್ಟವಾಗಿಯೇ?’ ಎಂದು ಕೇಳುವುದು ಉತ್ತಮ. ಧಾರವಾಡ, ಮಂಗಳೂರು, ಮೈಸೂರು ಕಡೆಯ ಕೆಲವರಾದರೂ ಪ್ರಶ್ನೆಗಳನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಿ ತೋರಿಸುವವರೆಗೆ ಅನುವಾದ ಮುಗಿಯಿತೆಂದು ತಿಳಿಯಬೇಡಿ.

ನಂಬಿಕೆಗಳ ವಿಷಯದಲ್ಲಿ ಇಬ್ಬರು ಸಂದರ್ಶಕರು ಅತಿ ಸುಲಭವಾಗಿ ದೂರ ಸರಿಯುತ್ತಾರೆ. ‘ದಾಯಾದಿಗಳು ಮಾಟ ಮಾಡಿಸಿದ್ದಾರೆ’ ಎಂಬ ಮಾತನ್ನು ಪಟ್ಟಣದಲ್ಲಿ ಬೆಳೆದ ಸಂದರ್ಶಕರು ಕಾಯಿಲೆಯ ಲಕ್ಷಣವೆಂದು ಗುರುತು ಹಾಕಬಹುದು, ಹಳ್ಳಿಯಲ್ಲಿ ಬೆಳೆದವರು ಬಿಟ್ಟುಬಿಡಬಹುದು. ಜಾತ್ರೆಯಲ್ಲಿ ಮೈಮೇಲೆ ದೇವರು ಬರುವುದೂ ಹಾಗೆಯೇ. ಇದಕ್ಕೆ ಮೂರು ಉಪಪ್ರಶ್ನೆಗಳನ್ನು ಬರೆದಿಟ್ಟುಕೊಂಡು ಎಲ್ಲರೂ ತಪ್ಪದೆ ಕೇಳಬೇಕು: ಮನೆಯವರೂ ಊರವರೂ ಇದನ್ನು ನಂಬುತ್ತಾರೆಯೇ, ‘ಹಾಗಿರಲಿಕ್ಕಿಲ್ಲ’ ಎಂಬ ಸಂದೇಹ ಎಂದಾದರೂ ಬಂದಿತ್ತೇ, ಈ ನಂಬಿಕೆಯಿಂದ ಊಟ, ನಿದ್ದೆ, ಕೆಲಸದಲ್ಲಿ ಏನು ಬದಲಾಯಿತು.

ನಮ್ಮಲ್ಲಿ ರೋಗಿ ಒಬ್ಬರೇ ಬರುವುದು ಅಪರೂಪ. ತಾಯಿಯೋ ಅಣ್ಣನೋ ಜೊತೆಗಿದ್ದು ರೋಗಿಗಿಂತ ಮುಂಚೆ ಉತ್ತರ ಕೊಡುತ್ತಾರೆ. ತೀವ್ರ ಮನೋರೋಗದಲ್ಲಿ ತನಗೆ ಕಾಯಿಲೆಯಿದೆ ಎಂಬ ಅರಿವೇ ಇಲ್ಲದಿರಬಹುದಾದ್ದರಿಂದ ಮನೆಯವರ ಹೇಳಿಕೆ ಅಮೂಲ್ಯ. ಆದರೆ ಒಬ್ಬ ಸಂದರ್ಶಕರು ಅದನ್ನು ಕೇಳಿ ಇನ್ನೊಬ್ಬರು ಕೇಳದಿದ್ದರೆ ನೀವು ಅಳೆಯುತ್ತಿರುವುದು ಮಾಹಿತಿಯ ವ್ಯತ್ಯಾಸವನ್ನೇ ಹೊರತು ನಿರ್ಣಯದ ವ್ಯತ್ಯಾಸವನ್ನಲ್ಲ. ರೋಗಿಯೊಂದಿಗೆ ಮೊದಲು ಏಕಾಂತದಲ್ಲಿ, ನಂತರ ಅವರ ಒಪ್ಪಿಗೆಯಿಂದ ಮನೆಯವರೊಂದಿಗೆ ಮಾತನಾಡುವ ಕ್ರಮವನ್ನು ಇಬ್ಬರೂ ಪಾಲಿಸಲಿ.

ಲೆಕ್ಕಕ್ಕೆ ಬಂದಾಗ ಶೇಕಡಾವಾರು ಒಮ್ಮತವನ್ನು ನಂಬಬೇಡಿ. 1960ರಲ್ಲಿ ಜೇಕಬ್ ಕೊಹೆನ್ ಸೂಚಿಸಿದ ಕಪ್ಪಾ, ಆಕಸ್ಮಿಕವಾಗಿ ಬರಬಹುದಾದ ಒಮ್ಮತವನ್ನು ಕಳೆದು ಉಳಿದುದನ್ನು ತೋರಿಸುತ್ತದೆ. ಆಸ್ಪತ್ರೆಯ 100 ರೋಗಿಗಳಲ್ಲಿ 40 ಮಂದಿಗೆ ಇಬ್ಬರೂ ‘ಇದೆ’ ಎಂದು, 40 ಮಂದಿಗೆ ಇಬ್ಬರೂ ‘ಇಲ್ಲ’ ಎಂದು ಬರೆದು, ಉಳಿದ 20ರಲ್ಲಿ ಹತ್ತು ಹತ್ತಾಗಿ ಬೇರೆಯಾದರು ಎನ್ನಿ. ಒಮ್ಮತ 0.80, ಆಕಸ್ಮಿಕ ಒಮ್ಮತ 0.50 (ಇಬ್ಬರೂ ಸರಿಯಾಗಿ ಅರ್ಧ ಜನರಿಗೆ ‘ಇದೆ’ ಎಂದಿರುವುದರಿಂದ). ಇವೆರಡರ ಅಂತರವಾದ 0.30ನ್ನು, 1ರಲ್ಲಿ ಆಕಸ್ಮಿಕ ಒಮ್ಮತವನ್ನು ಕಳೆದರೆ ಉಳಿಯುವ 0.50ರಿಂದ ಭಾಗಿಸಿದರೆ ಕಪ್ಪಾ 0.60. ಈಗ ಹಳ್ಳಿಯ 100 ಜನರಲ್ಲಿ ಇಬ್ಬರಿಗೆ ‘ಇದೆ’ ಎಂದೂ 90 ಮಂದಿಗೆ ‘ಇಲ್ಲ’ ಎಂದೂ ಒಪ್ಪಿ, ಉಳಿದ ಎಂಟರಲ್ಲಿ ನಾಲ್ಕು ನಾಲ್ಕಾಗಿ ಬೇರೆಯಾದರೆ ಒಮ್ಮತ ಶೇ. 92, ಆದರೆ ಕಪ್ಪಾ ಸುಮಾರು 0.29. ಕಾಯಿಲೆ ವಿರಳವಾದಲ್ಲಿ ಕಪ್ಪಾ ಹೀಗೆ ಕುಸಿಯುವುದರಿಂದ ‘ಇದೆ’ ಎಂಬುದರ ಒಮ್ಮತವನ್ನೂ ‘ಇಲ್ಲ’ ಎಂಬುದರ ಒಮ್ಮತವನ್ನೂ ಬೇರೆ ಬೇರೆಯಾಗಿ ಕೊಡಿ. ಈ ಹಳ್ಳಿಯಲ್ಲಿ ಅವು ಕ್ರಮವಾಗಿ 0.33 ಮತ್ತು 0.96. ಜೊತೆಗೆ ಶೇ. 95ರ ವಿಶ್ವಾಸಾಂತರವೂ (ನಿಜವಾದ ಮೌಲ್ಯ ಇರಬಹುದಾದ ವ್ಯಾಪ್ತಿ) ಇರಲಿ. ಒಂದೇ ಗುರುವಿನ ಬಳಿ ಕಲಿತ ಇಬ್ಬರು ಒಂದೇ ತಪ್ಪನ್ನು ಮಾಡಿದರೂ ಕಪ್ಪಾ ಮೇಲೇರುತ್ತದೆ. ನಿರ್ಣಯ ನಿಜವೋ ಎಂಬುದು ಬೇರೆ ಪರೀಕ್ಷೆ, ಅದಕ್ಕೆ ಕಾಯಿಲೆಯ ಮುಂದಿನ ವರ್ಷಗಳ ನಡೆಯನ್ನು ಗಮನಿಸಬೇಕು.

ಒಪ್ಪದ ಪ್ರತಿಯೊಂದು ಪ್ರಕರಣವನ್ನೂ ಇಬ್ಬರೂ ಕುಳಿತು ಚರ್ಚಿಸಿ, ಕಾರಣವನ್ನು ಬರೆದಿಡಿ: ಪ್ರಶ್ನೆ ಅರ್ಥವಾಗಲಿಲ್ಲವೇ, ಒಬ್ಬರು ಕೇಳಿದ್ದನ್ನು ಇನ್ನೊಬ್ಬರು ಕೇಳಲಿಲ್ಲವೇ, ಮಾನದಂಡವನ್ನೇ ಬೇರೆಯಾಗಿ ಓದಿಕೊಂಡರೇ. ಚರ್ಚೆಯ ನಂತರ ಬದಲಾದ ನಿರ್ಣಯದಿಂದ ಮತ್ತೆ ಕಪ್ಪಾ ಲೆಕ್ಕ ಹಾಕಬಾರದು. ಮೊದಲು ಬರೆದದ್ದೇ ಅಂಕಿ. ಇಡೀ ವ್ಯತ್ಯಾಸವನ್ನು ಚಿಕಿತ್ಸೆ ನೀಡುವ ವೈದ್ಯರಿಗೆ ಅದೇ ವಾರ ತಿಳಿಸಿ. ಸಂದರ್ಶನದ ನಡುವೆ ರೋಗಿ ಸಾಯುವ ಮಾತಾಡಿದರೆ ಮಾತ್ರ ವಾರ ಕಾಯಬೇಡಿ. ಸಂದರ್ಶನವನ್ನು ಅಲ್ಲಿಗೇ ನಿಲ್ಲಿಸಿ, ಅವರನ್ನು ಒಂಟಿಯಾಗಿ ಬಿಡದೆ, ವೈದ್ಯರನ್ನು ಕರೆಯಿರಿ.