ಮಗ್ಗದ ಕುಣಿಯಲ್ಲಿ ಕಾಯೋದು ಕಲಿತೆ

ಹೋದ ತಿಂಗಳು ನನ್ನ ತಮ್ಮ ಫೋನ್ ಮಾಡಿದ. ಎಂಟೊಂಬತ್ತು ವರ್ಷದ ಮೇಲೆ. ‘ದೇವರ ದಾರಿ ಕಾಯ್ತೀನಂತ ಕುಣ್ಯಾಗ ಕುಂತಾನ, ಖಣ ಯಾರು ನೇಯ್ಬೇಕು?’ ಎಂದು ನಕ್ಕವರು ನಮ್ಮೂರು ಗುಳೇದಗುಡ್ಡದಲ್ಲಿ ಕಡಿಮೆ ಏನಿಲ್ಲ. ಕುಣಿ ಅಂದರೆ ನೇಯುವಾಗ ಕಾಲು ಇಳಿಬಿಡುವ ಮಗ್ಗದ ಗುಂಡಿ, ಖಣ ಅಂದರೆ ರವಿಕೆ ಬಟ್ಟೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಜಗಳ ಮನೆ ಪಾಲಿನದು. ತಮ್ಮ ಬೇರೆ ಓಣಿಗೆ ಹೋದ. ಚರ್ಚಿನ ಸಭೆಗೆ ಬಂದರೂ ಹಿಂದಿನ ಸಾಲಿನಲ್ಲಿ ಕುಳಿತು, ಆಶೀರ್ವಾದ ಮುಗಿಯುವ ಮೊದಲೇ ಎದ್ದು ಹೋಗುತ್ತಿದ್ದ. ಅವನು ಒಮ್ಮೆ ಮಾತಾಡಲಿ ಅನ್ನೋದಷ್ಟೇ ನನ್ನ ಪ್ರಾರ್ಥನೆ.

ಮೊದಲು ಮಾಡಿದ್ದೆಲ್ಲ ಎಡವಟ್ಟು. 21 ದಿನ ಒಪ್ಪೊತ್ತು ಹಿಡಿದೆ. ಕೈ ನಡುಗಿ ಎಳೆ ಮೇಲೆ ಎಳೆ ಹರಿದವು. ವಾರಕ್ಕೆ ಇಳಿಯುತ್ತಿದ್ದ ಮಾಲಿನಲ್ಲಿ ಅರ್ಧವೂ ಇಳಿಯಲಿಲ್ಲ. ಎರಡೂವರೆ ಸಾವಿರ ಹೋಗಿರಬೇಕು. ಆಮೇಲೆ ಬೆಳಗಾವಿ ಕಡೆ ಒಂದು ದೊಡ್ಡ ಪ್ರಾರ್ಥನಾ ಕೂಟಕ್ಕೆ ಹೋದೆ. ಬಸ್ಸು, ಊಟ, ಕಾಣಿಕೆ ಸೇರಿ ಮತ್ತೆ ನಾಲ್ಕು ಸಾವಿರ. 40 ದಿನದಲ್ಲಿ ಉತ್ತರ ಬರುತ್ತೆ ಅಂದರು. ಕ್ಯಾಲೆಂಡರಿನಲ್ಲಿ ಗೀಟು ಹಾಕಿ ಎಣಿಸಿದೆ. 41ನೇ ದಿನ ಬೈಬಲ್ ಮುಟ್ಟಲಿಲ್ಲ.

ಎಲ್ಲಕ್ಕಿಂತ ದುಬಾರಿ ಬಿದ್ದದ್ದು ಬೇರೆ. ದೇವರು ತಡ ಮಾಡಿದ ಎಂದು ನಾನೇ ನಾಲ್ವರು ಹಿರಿಯರನ್ನು ತಮ್ಮನ ಮನೆಗೆ ಕಳಿಸಿದೆ. ಅರ್ಧ ತೆರೆದಿದ್ದ ಬಾಗಿಲೂ ಮುಚ್ಚಿತು. ಬೈಬಲಿನ ಅಬ್ರಹಾಮ ದೇವರ ಮಾತು ನಂಬಿ ಹೊರಟಾಗ 75 ವರ್ಷ, ದೇವರು ಕೊಡ್ತೀನಿ ಅಂದ ಮಗ ಇಸಾಕ ಹುಟ್ಟಿದಾಗ 100. ನಡುವೆ ಅವಸರ ಬಿದ್ದು 86ಕ್ಕೆ ದಾಸಿ ಹಾಗರಳಿಂದ ಇಷ್ಮಾಯೇಲನನ್ನು ಪಡೆದ. ಆ ಪಂಚಾಯ್ತಿ ನನ್ನ ಇಷ್ಮಾಯೇಲ.

ಈಗಿನ ರೀತಿ ಶುರುವಾಗಿದ್ದು 2018ರ ಆಗಮನ ಕಾಲದಲ್ಲಿ, ಅಂದರೆ ಕ್ರಿಸ್‌ಮಸ್ಸಿಗೆ ಮುಂಚಿನ ಕಾಯುವ ವಾರಗಳಲ್ಲಿ. ಬೆಳಿಗ್ಗೆ ಐದಕ್ಕೆ ಮಗ್ಗದ ಕುಣಿಗೆ ಕಾಲು ಬಿಟ್ಟು ಕೂರುತ್ತೇನೆ. ಲಾಳಿ ಮುಟ್ಟೋದಿಲ್ಲ. 130ನೇ ಕೀರ್ತನೆ ಓದುತ್ತೇನೆ. ಅದರಲ್ಲಿ ಬೆಳಗಿನ ದಾರಿ ನೋಡುವ ಕಾವಲುಗಾರರು ಇದ್ದಾರಲ್ಲ, ಅವರು ಸೂರ್ಯನನ್ನು ಜಗ್ಗಿ ತರೋದಿಲ್ಲ, ಬರ್ತಾನೋ ಇಲ್ವೋ ಅಂತ ಚಿಂತೆಯನ್ನೂ ಮಾಡೋದಿಲ್ಲ. ತಮ್ಮನ ಹೆಸರು ಒಂದೇ ಸಲ ಹೇಳುತ್ತೇನೆ. ಆಮೇಲೆ ಸುಮ್ನೆ. ಮೊದಲ ಎರಡು ತಿಂಗಳು ತಲೆ ತುಂಬ ನೂಲಿನ ರೇಟು, ಸೊಸೈಟಿ ಸಾಲ. ಓಡಲಿ ಎಂದು ಬಿಟ್ಟೆ. ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಬೇಡ. ಕೊನೆಯ ಐದು ನಿಮಿಷ ಏನು ಮಾಡುತ್ತೇನೆ ಅನ್ನೋದನ್ನು ಇಲ್ಲಿ ಹೇಳಲ್ಲ. ಬೇಕಾದವರು ಐದಕ್ಕೆ ಎದ್ದು ಬನ್ನಿ.

ರಾತ್ರಿ ಕೂತು ನೋಡಿದೆ, ಗೊರಕೆ ಬಂತು. ನೂಲಿನ ಕಂಡಿಕೆಗೊಂದು ಬೈಬಲ್ ವಚನ ಹೇಳುತ್ತಾ ನೇಯ್ದೂ ನೋಡಿದೆ. ಅಂಚಿನ ಲೆಕ್ಕ ತಪ್ಪಿ ಒಂದು ಖಣವನ್ನು ವ್ಯಾಪಾರಿ ವಾಪಸ್ ಎಸೆದ. 2020ರ ಲಾಕ್‌ಡೌನಿನಲ್ಲಿ ಮಗ್ಗ ನಿಂತಾಗಲೂ ಕುಣಿಗೆ ಇಳಿಯೋದು ನಿಲ್ಲಿಸಲಿಲ್ಲ. ನಮ್ಮ ಓಣಿಯಲ್ಲಿ ಆಗ ನನ್ನಷ್ಟು ನಿರಾಳ ಇದ್ದವರು ಯಾರೂ ಇಲ್ಲ, ಸುಳ್ಳಲ್ಲ.

ಒಂದು ದಿನ ಸಭಾಪಾಲಕರು ಹೇಳಿದರು: ಹೀಬ್ರೂ ಭಾಷೆಯಲ್ಲಿ ನಿರೀಕ್ಷೆಗೆ ‘ತಿಕ್ವಾ’ ಅಂತಾರೆ, ಯೆರಿಕೋವಿನ ರಾಹಾಬಳು ತನ್ನ ಮನೆ ಉಳಿಸೋರು ಬರ್ತಾರೆ ಎಂದು ಕಿಟಕಿಗೆ ಕಟ್ಟಿದ ಕೆಂಪು ಹುರಿಗೂ ಯೆಹೋಶುವನ ಪುಸ್ತಕದಲ್ಲಿ ಅದೇ ಪದ. ನೇಕಾರನಿಗೆ ಇಷ್ಟು ಸಾಕಲ್ವಾ? ಯಾರೋ ಬರ್ತಾರೆ ಎಂದು ಕಾಯುವ ಮನೆಯಲ್ಲಿ ಅವರಿಗೆ ಏನಾದರೂ ಎತ್ತಿಟ್ಟಿರಬೇಕು ಅನ್ನಿಸಿತು. ಮುಂದಿನ ಕ್ರಿಸ್‌ಮಸ್ಸಿನಿಂದ ವರ್ಷಕ್ಕೊಂದು ಕೆಂಪು ಖಣ ನೇಯ್ದು ತಮ್ಮನ ಹೆಂಡತಿಗೆಂದು ಟ್ರಂಕಿನಲ್ಲಿ ಇಟ್ಟೆ. ‘ಹುಳ ಹಿಡೀತಾವ, ಮಾರಿಬಿಡ್ರಿ’ ಅಂದಳು ನಮ್ಮಾಕೆ. ಬೇವಿನ ಎಲೆ ಹಾಕಿದೆ.

ಮಾತ್ರೆ ಇಲ್ಲದೆ ನಿದ್ದೆ ಹತ್ತಿದ್ದು ಎರಡನೇ ವರ್ಷ. ತಮ್ಮ ಎದುರಾದರೆ ಎದೆ ಹೊಡೆದುಕೊಳ್ಳೋದು ನಿಂತಿದ್ದು ಮೂರನೇ ವರ್ಷ. ನನ್ನ ಲೆಕ್ಕದಲ್ಲಿ ಅಷ್ಟೊತ್ತಿಗೇ ಇದು ಫಲ ಕೊಟ್ಟಿತ್ತು.

ಫೋನಿನಲ್ಲಿ ಅವನು ಕೇಳಿದ್ದು ಇಷ್ಟೇ: ‘ಅಣ್ಣಾ, ಹಳೇ ಹಣಿಗಿ ಒಂದು ಐತೇನು?’ ಹಣಿಗೆ ಅಂದರೆ ಮಗ್ಗದ ಬಾಚಣಿಗೆ. ಸಂಜೆ ಬಂದ. ಚಹಾ ಕುಡಿದ. ಮನೆ ಪಾಲಿನ ಮಾತು ಇಬ್ಬರೂ ಎತ್ತಲಿಲ್ಲ. ಹಣಿಗೆ ಕೊಟ್ಟು ಟ್ರಂಕು ತೆಗೆದು ತೋರಿಸಿದೆ, ಆರು ಖಣ. ತುಂಬ ಹೊತ್ತು ನೋಡಿದ. ಮೇಲಿನದೊಂದನ್ನು ತೆಗೆದುಕೊಂಡು, ‘ಉಳಿದದ್ದು ಆಕೀನ ಬಂದು ಒಯ್ತಾಳ’ ಅಂದ.

ಇನ್ನೂ ಬಂದಿಲ್ಲ. ಮೊನ್ನೆ ಬೇವಿನ ಎಲೆ ಬದಲಿಸಿದೆ.