450 ರೂಪಾಯಿಯ ವಿಂಡೋಸ್

ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ನನ್ನದೊಂದು ಪುಟ್ಟ ಡಿಟಿಪಿ ಅಂಗಡಿ, ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪತ್ರಿಕೆ ವಿನ್ಯಾಸ ಮಾಡುವ ಕೆಲಸ. ಮೂರು ಕಂಪ್ಯೂಟರ್, ಒಂದು ಲೇಸರ್ ಪ್ರಿಂಟರ್, ಗೋಡೆ ತುಂಬಾ ಲಗ್ನಪತ್ರಿಕೆ ಸ್ಯಾಂಪಲ್. ಶುರು ಮಾಡಿ ಹದಿನಾಲ್ಕು ವರ್ಷ ಆಯ್ತು. ಮೊದಲ ಹತ್ತು ವರ್ಷ ಸಾಫ್ಟ್‌ವೇರ್‌ಗೆ ಅಂತ ಬಿಡಿಗಾಸು ಕೊಟ್ಟಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ಕೊಡಬೇಕು ಅಂತ ಅನಿಸಿಯೂ ಇರಲಿಲ್ಲ. ಎಸ್‌ಪಿ ರೋಡಿನಲ್ಲಿ ಕಂಪ್ಯೂಟರ್ ಜೋಡಿಸಿಕೊಟ್ಟ ಹುಡುಗ "ಎಲ್ಲಾ ಲೋಡ್ ಮಾಡ್ಕೊಟ್ಟಿದೀನಿ ಮೇಡಂ" ಅಂದಿದ್ದ. ಎಲ್ಲಾ ಅಂದರೆ ವಿಂಡೋಸ್, ಆಫೀಸ್, ಫೋಟೋಶಾಪ್, ಪತ್ರಿಕೆ ವಿನ್ಯಾಸ ಮಾಡುವ ಕೋರಲ್ ಡ್ರಾ. ಅಷ್ಟನ್ನೂ ಹಾಕಿಕೊಟ್ಟ ಕೂಲಿ 500 ರೂಪಾಯಿ.

ಮೊದಲ ಏಟು ಬಿದ್ದಿದ್ದು ಮಾಘದ ಸೀಸನ್‌ನಲ್ಲಿ. ನಮ್ಮ ಆಪರೇಟರ್ ಹುಡುಗ ಕೋರಲ್‌ನ ಹೊಸ ವರ್ಷನ್ ಎಲ್ಲಿಂದಲೋ ಇಳಿಸಿ ಹಾಕಿದ. ದುಡ್ಡು ಕೊಡದೆ ಓಡಿಸೋಕೆ ಬೀಗ ಮುರಿಯುವ ಕ್ರ್ಯಾಕ್ ಅಂತ ಇರುತ್ತಲ್ಲ, ಅದರ ಜೊತೆಗೆ ಒಂದು ಸೂಚನೆ ಇತ್ತಂತೆ: ಮೊದಲು ಆಂಟಿವೈರಸ್ ಆಫ್ ಮಾಡಿ. ಕನ್ನ ಹಾಕೋಕೆ ಬಂದವನೇ "ನಾಯಿ ಕಟ್ಟಿಹಾಕಿ" ಅಂದ ಹಾಗೆ, ಅಲ್ವಾ? ಇವನು ಕಟ್ಟಿಹಾಕಿದ್ದ. ಬೆಳಗ್ಗೆ ಬಂದು ನೋಡಿದರೆ ಪ್ರತಿ ಫೈಲಿನ ಹೆಸರಿಗೂ ಒಂದು ಬಾಲ. ಯಾವುದೂ ತೆರೆಯುತ್ತಿಲ್ಲ. ಫೋಲ್ಡರ್‌ಗೊಂದರಂತೆ ರೀಡ್‌ಮಿ ಫೈಲ್: ಬಿಡಿಸಿಕೊಡಲು 980 ಡಾಲರ್, 72 ಗಂಟೆಯೊಳಗೆ ಕೇಳಿದರೆ ಅರ್ಧ ಬೆಲೆ, 490. ಡಿಸ್ಕೌಂಟ್ ಬೇರೆ! ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರಾನ್ಸಮ್‌ವೇರ್‌ಗಳಲ್ಲಿ ಸ್ಟಾಪ್ ಅನ್ನುವ ಕುಟುಂಬ ಅದು, ಹರಡುವುದೇ ಜಾಸ್ತಿ ಇಂಥ ಕ್ರ್ಯಾಕ್‌ಗಳ ಜೊತೆ ಅಂತ ಆಮೇಲೆ ಗೊತ್ತಾಯಿತು. ದುಡ್ಡು ಕೊಡಲಿಲ್ಲ. ಗಿರಾಕಿಗಳಿಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದ ಪ್ರೂಫ್ ಪಿಡಿಎಫ್‌ಗಳೇ ಕೈ ಹಿಡಿದವು. ಉಳಿದ ನಾಲ್ಕು ಪತ್ರಿಕೆಗಳನ್ನು ರಾತ್ರಿ ಕೂತು ಮತ್ತೆ ಟೈಪ್ ಮಾಡಿದೆವು.

ಸಾಕಪ್ಪಾ ಅನ್ನಿಸಿತು. ಇನ್ನು ದುಡ್ಡು ಕೊಟ್ಟೇ ತಗೊಳ್ಳೋಣ ಅಂತ ಆನ್‌ಲೈನ್‌ನಲ್ಲಿ ಹುಡುಕಿದೆ. ವಿಂಡೋಸ್ 10 ಪ್ರೊ, "ಲೈಫ್‌ಟೈಮ್, ಜೆನ್ಯೂನ್", ಬರೀ 450 ರೂಪಾಯಿ. ಎರಡು ತಗೊಂಡೆ. ಮೇಲ್‌ನಲ್ಲಿ 25 ಅಕ್ಷರದ ಕೀ ಬಂತು, ಹಾಕಿದೆ, ಆಕ್ಟಿವೇಟ್ ಆಯಿತು. ಮೈಕ್ರೋಸಾಫ್ಟ್‌ನವರೇ ಸರಿ ಅಂದ ಮೇಲೆ ಸರಿಯೇ ಇರಬೇಕು ಅಂದುಕೊಂಡೆ. ನಾನು ನಿಜವಾಗಿ ಮೋಸ ಹೋಗಿದ್ದು ಇಲ್ಲಿ. ಕ್ರ್ಯಾಕ್ ಹಾಕುವಾಗ ಕದ್ದ ಮಾಲು ಅಂತ ಗೊತ್ತಿರುತ್ತದೆ. ಇಲ್ಲಿ ದುಡ್ಡು ಕೊಟ್ಟ ನೆಮ್ಮದಿ ಬೇರೆ.

ಎಂಟು ತಿಂಗಳಿಗೆ ಕರೆಂಟ್ ಏರುಪೇರಾಗಿ ಒಂದು ಕಂಪ್ಯೂಟರಿನ ಮದರ್‌ಬೋರ್ಡ್ ಸುಟ್ಟಿತು. ಹೊಸದು ಹಾಕಿಸಿ ಅದೇ ಕೀ ಕೊಟ್ಟರೆ ಒಪ್ಪಲಿಲ್ಲ. ಬ್ಲಾಕ್ ಆಗಿದೆ ಅಂತ ಬಂತು. ಮಾರಿದವನ ನಂಬರ್ ಸ್ವಿಚ್ ಆಫ್.

ಕಂಪ್ಯೂಟರ್ ರಿಪೇರಿ ಮಾಡುವ ನಮ್ಮ ಅಣ್ಣನ ಮಗ ಬಂದು, ಇನ್ನೂ ಓಡುತ್ತಿದ್ದ ಎರಡನೇ ಕಂಪ್ಯೂಟರಿನ ಮುಂದೆ ಕೂತ. ಕಪ್ಪು ಕಮಾಂಡ್ ಕಿಟಕಿ ತೆರೆದು ಎಸ್‌ಎಲ್‌ಎಂಜಿಆರ್, ಒಂದು ಸ್ಪೇಸ್, ಸ್ಲ್ಯಾಷ್ ಡಿಎಲ್‌ಐ ಅಂತ ಹೊಡೆದ. ಚಿಕ್ಕ ಪೆಟ್ಟಿಗೆ ಬಂತು. ಅದರಲ್ಲಿ ಒಂದು ಸಾಲು: ವಾಲ್ಯೂಮ್ ಮ್ಯಾಕ್ ಚಾನೆಲ್. "ನೋಡಿ ಅತ್ತೆ, ಅಂಗಡಿಯಲ್ಲಿ ತಗೊಂಡಿದ್ರೆ ಇಲ್ಲಿ ರೀಟೇಲ್ ಅಂತ ಇರಬೇಕಿತ್ತು. ಕಂಪ್ಯೂಟರ್ ಜೊತೆನೇ ಬಂದಿದ್ರೆ ಓಇಎಂ. ಇದು ಯಾವುದೋ ದೊಡ್ಡ ಕಂಪನಿಗೋ ಕಾಲೇಜಿಗೋ ಅವರ ನೂರಾರು ಕಂಪ್ಯೂಟರಿಗೆ ಅಂತ ಕೊಟ್ಟ ಒಂದೇ ಕೀ. ಅದನ್ನ ಬಿಡಿಬಿಡಿಯಾಗಿ ಮಾರಿದಾನೆ."

ನನ್ನ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ, ಯಾರದೋ ಮದುವೆ ಛತ್ರದ ಬಾಗಿಲಲ್ಲಿ ಒಬ್ಬ ನಿಂತು "50 ರೂಪಾಯಿ ಕೊಡಿ, ಒಳಗೆ ಹೋಗಿ ಊಟ ಮಾಡಿ" ಅಂದ ಹಾಗೆ. ಊಟ ನಿಜವಾದದ್ದೇ. ನೀವು ದುಡ್ಡು ಕೊಟ್ಟಿದ್ದೂ ನಿಜ. ಮದುವೆ ಮನೆಯವರಿಗೆ ಮಾತ್ರ ನೀವು ಯಾರೋ. ಎಲೆ ಮುಂದಿಂದ ಯಾವಾಗ ಬೇಕಾದರೂ ಎಬ್ಬಿಸಬಹುದು.

ನಮ್ಮ ಲೆಕ್ಕ ನೋಡುವವರು ಇನ್ನೊಂದು ಬಾಂಬ್ ಹಾಕಿದರು. 1957ರ ಕಾಪಿರೈಟ್ ಕಾಯ್ದೆಯ 63ಬಿ ಪ್ರಕಾರ, ಕಳ್ಳ ಕಾಪಿ ಅಂತ ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದರೆ 7 ದಿನದಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ವ್ಯಾಪಾರಕ್ಕೆ ಬಳಸದವರಿಗೆ ಒಂದಿಷ್ಟು ರಿಯಾಯಿತಿ ಉಂಟಂತೆ. ನನ್ನದು ವ್ಯಾಪಾರವೇ ಅಲ್ವಾ! ಆ 450 ರೂಪಾಯಿಯ ಬಿಲ್ ತೋರಿಸಿದೆ. "ಇದರಲ್ಲಿ ಜಿಎಸ್‌ಟಿ ನಂಬರೇ ಇಲ್ಲವಲ್ಲಮ್ಮಾ, ಇದು ಬಿಲ್ಲಾ?" ಅಂದರು. ಈಗ ನಾನು ಮೊದಲು ನೋಡುವುದೇ ಆ 15 ಅಕ್ಷರ. ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಯಾರದು ಅಂತ ತೋರಿಸುತ್ತದೆ. ಸರಿಯಾದ ಬಿಲ್ ಇದ್ದರೆ ಕೊಟ್ಟ 18% ತೆರಿಗೆಯನ್ನು ನಮ್ಮ ಲೆಕ್ಕದಲ್ಲಿ ವಾಪಸ್ ಹಿಡಿದುಕೊಳ್ಳಬಹುದು.

2025ರ ಆಷಾಢಕ್ಕೆ ಕಾದೆ. ಮದುವೆ ಇಲ್ಲ, ಅಂಗಡಿ ಖಾಲಿ. ಹೊಸ ಬೋರ್ಡಿನ ಕಂಪ್ಯೂಟರಿಗೆ ಬಿಲ್ ಸಮೇತ ವಿಂಡೋಸ್ 11, ಜೊತೆಗೆ ಒಂದೇ ಒಂದು ಕೋರಲ್ ಚಂದಾ. ದುಬಾರಿಯೇ, ಹೊಟ್ಟೆ ಉರಿಯಿತು. ಉಳಿದೆರಡು ಹಳೆಯವು, ವಿಂಡೋಸ್ 11 ಹಿಡಿಸುವುದಿಲ್ಲ, 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಅಪ್‌ಡೇಟ್ ಇದ್ದದ್ದು ಆ ವರ್ಷದ ಅಕ್ಟೋಬರ್ 14ರವರೆಗೆ ಮಾತ್ರ. ಅವಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್, ಚಿತ್ರ ವಿನ್ಯಾಸಕ್ಕೆ ಇಂಕ್‌ಸ್ಕೇಪ್, ಪುಟ ಜೋಡಿಸೋಕೆ ಸ್ಕ್ರೈಬಸ್. ಎಲ್ಲಾ ಪುಕ್ಕಟೆ, ಮಾಡಿದವರೇ ಪುಕ್ಕಟೆ ಅಂತ ಕೊಟ್ಟಿದ್ದು.

ಇಂಕ್‌ಸ್ಕೇಪ್‌ನಲ್ಲಿ ನಾಲ್ಕು ಬಣ್ಣದ ಪ್ರಿಂಟಿಂಗ್‌ಗೆ ಬೇಕಾದ ಸಿಎಂವೈಕೆ ಕೆಲಸ ಸರಿಯಾಗಿ ಆಗುವುದಿಲ್ಲ ಅಂತ ಹೆದರಿಸಿದ್ದರು. ನಿಜವೇ. ನಮ್ಮ ಲಗ್ನಪತ್ರಿಕೆ ಬಹುಪಾಲು ಸ್ಕ್ರೀನ್ ಪ್ರಿಂಟಿಂಗ್, ಒಂದು ಇಲ್ಲವೇ ಎರಡು ಬಣ್ಣ. ಸ್ಕ್ರೀನ್ ಮಾಡೋಕೆ ಬೇಕಾದ ಕಪ್ಪು ಪ್ರಿಂಟ್, ಅಂದರೆ ಪಾಸಿಟಿವ್, ತೆಗೆದರೆ ಮುಗಿಯಿತು. ಮಲ್ಟಿಕಲರ್ ಬಂದರೆ ಸ್ಕ್ರೈಬಸ್‌ನಿಂದ ಪಿಡಿಎಫ್ ತೆಗೆಯುತ್ತೇನೆ.

ನಿಜವಾಗಿ ಬೆವರಿಳಿಸಿದ್ದು ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿದ್ದ ಫೈಲ್‌ಗಳು. ಆ ಫಾಂಟ್ ಇಲ್ಲದ ಕಡೆ ತೆರೆದರೆ "ಶ್ರೀ" ಇರುವ ಜಾಗದಲ್ಲಿ ತಲೆಬುಡ ಇಲ್ಲದ ಇಂಗ್ಲಿಷ್ ಚಿಹ್ನೆಗಳು. ಎಲ್ಲವನ್ನೂ ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯುನಿಕೋಡ್‌ಗೆ ಬದಲಿಸಿದೆವು. ಕನ್ವರ್ಟರ್ ಅಲ್ಲಲ್ಲಿ ಅರ್ಕಾವತ್ತು ನುಂಗಿಹಾಕಿತ್ತು. ಒಂದು ಪ್ರೂಫ್‌ನಲ್ಲಿ "ಸುಮುಹೂರ್ತ" ಹೋಗಿ "ಸುಮುಹೂತ" ಆಗಿತ್ತು. ಪುಣ್ಯಕ್ಕೆ ಹುಡುಗಿಯ ಅಜ್ಜ ಕನ್ನಡಕ ಹಾಕಿಕೊಂಡು ಓದಿದರು. ಈಗ ಹಳೆಯ ಫೈಲ್ ತೆಗೆದಾಗಲೆಲ್ಲ ಆಪರೇಟರ್ ಹುಡುಗ ಕೆಂಪು ಪೆನ್ ಹಿಡಿದು ಅರ್ಕಾವತ್ತು ಇರುವ ಕಡೆಯೆಲ್ಲ ಸುತ್ತು ಹಾಕಿ ತೋರಿಸುತ್ತಾನೆ.

ಕೋರಲ್ ಫೈಲ್ ಹಿಡಿದು ಬರುವ ಗಿರಾಕಿಗಳು ಮಾತ್ರ ಒಂದನೇ ಕಂಪ್ಯೂಟರ್ ಬಿಡುವಾಗುವವರೆಗೆ ಸ್ಟೂಲ್ ಮೇಲೆ ಕಾಯಬೇಕು. ಪಕ್ಕದ ಅಂಗಡಿಯಲ್ಲಿ ಮೂರರಲ್ಲೂ ಕೋರಲ್ ಇದೆ ಅಂತ ನೆನಪಿಸುತ್ತಾರೆ. ನಾನು ಒಂದು ಟೀ ತರಿಸುತ್ತೇನೆ.